ಚತರಾದಿಂದ ಸುಪೌಲ್‌ಗೆ: ಗಡಿಯಾಚೆಯ ನೀರಿನ ಲೆಕ್ಕ, ನನ್ನ ಅನುಭವ

2024ರ ಸೆಪ್ಟೆಂಬರ್ ಕೊನೆಗೆ ನೇಪಾಳ ಗಡಿಯ ಬೀರ್‌ಪುರ ಬ್ಯಾರೇಜಿನಿಂದ 6.61 ಲಕ್ಷ ಕ್ಯೂಸೆಕ್ ನೀರು ಹೋಯಿತು. ನೇಪಾಳದಿಂದ ಬಿಹಾರಕ್ಕೆ ಇಳಿಯುವ ಕೋಸಿ ನದಿ 1968ರ ನಂತರ ಅಷ್ಟು ತುಂಬಿ ಬಂದಿರಲಿಲ್ಲ. ಬಿಹಾರದ ಸುಪೌಲ್‌ನಲ್ಲಿ ನದಿಯ ಎರಡು ಒಡ್ಡುಗಳ ನಡುವೆ ಇರುವ ನಮ್ಮ ಐದು ಕೇರಿಗಳಲ್ಲಿ ಆ ರಾತ್ರಿ ಒಂದು ನರಪಿಳ್ಳೆಯೂ ಇರಲಿಲ್ಲ. ದನಕರು ಸಮೇತ ಎಲ್ಲರೂ ಮಧ್ಯಾಹ್ನವೇ ಒಡ್ಡು ಹತ್ತಿದ್ದರು. ನೇಪಾಳದ ನದಿಮಟ್ಟ ನೋಡಿ ಈ ಕೇರಿಗಳಿಗೆ ಮುಂಚೆಯೇ ಎಚ್ಚರಿಕೆ ಮುಟ್ಟಿಸುವುದು ನನ್ನ ಕೆಲಸ. "ಫೋನ್ ಮಾಡಿ ಪ್ರವಾಹ ಹೇಳೋಕಾಗುತ್ತಾ?" ಎಂದು ಆರು ವರ್ಷದಿಂದ ಕೇಳುತ್ತಿದ್ದವರು ಅವತ್ತು ಏನೂ ಕೇಳಲಿಲ್ಲ.

ನಾನು ಅಥಣಿ ಕಡೆಯವನು. ಮಹಾರಾಷ್ಟ್ರದಲ್ಲಿ ಮಳೆ ಹಿಡಿದರೆ ಕೃಷ್ಣೆ ನಮ್ಮ ಕಬ್ಬಿನ ಗದ್ದೆಗೆ ಬರುತ್ತಾಳೆ ಎಂಬುದು ಚಿಕ್ಕಂದಿನಿಂದ ಗೊತ್ತು. ಕೋಸಿಯಲ್ಲೂ ಅದೇ ಕಥೆ, ನಡುವೆ ದೇಶದ ಗಡಿ ಇದೆ ಅಷ್ಟೆ. ಬ್ಯಾರೇಜಿನ ಅಂಕಿ ಕಚೇರಿಯಿಂದ ಕಚೇರಿಗೆ ಇಳಿದು ಕೇರಿಗೆ ಬರುವಷ್ಟರಲ್ಲಿ ನೀರೇ ಬಂದಿರುತ್ತದೆ. ನೇಪಾಳದ ಜಲ ಮತ್ತು ಹವಾಮಾನ ಇಲಾಖೆ ನದಿಮಟ್ಟವನ್ನು ಎಲ್ಲರಿಗೂ ಕಾಣುವಂತೆ ಹಾಕುತ್ತದೆ. ಬ್ಯಾರೇಜಿಗಿಂತ ಮೇಲೆ, ನೇಪಾಳದಲ್ಲಿರುವ ಚತರಾದ ಏರಿಕೆ ನೋಡಿದರೆ ಬ್ಯಾರೇಜಿಗಿಂತ ಐದಾರು ಗಂಟೆ ಮೊದಲು ಸುಳಿವು ಸಿಗುತ್ತದೆ. ಇನ್ನೂ ಮೇಲೆ, ಕೋಸಿಯ ಉಪನದಿಗಳಾದ ತಮೋರ್‌ಗೆ ಮೂಲ್‌ಘಾಟ್, ಅರುಣ್‌ಗೆ ತುರ್ಕೆಘಾಟ್ ಮಾಪನ ಕೇಂದ್ರ ನೋಡುತ್ತೇನೆ.

ಮೊದಲ ವರ್ಷ ಮುಗ್ಗರಿಸಿದ್ದು ಕ್ಯೂಮೆಕ್‌ನಲ್ಲಿ. ಆಚೆಯವರ ಅಂಕಿ ಕ್ಯೂಮೆಕ್ (ಸೆಕೆಂಡಿಗೆ ಇಷ್ಟು ಘನ ಮೀಟರ್), ನಮ್ಮ ಜನ ಕೇಳಿ ಬಲ್ಲದ್ದು ಕ್ಯೂಸೆಕ್ (ಸೆಕೆಂಡಿಗೆ ಇಷ್ಟು ಘನ ಅಡಿ). 35ರಿಂದ ಗುಣಿಸದೆ ಹಾಗೇ ಕಳಿಸಿಬಿಟ್ಟೆವು. "ಏಳು ಸಾವಿರ ತಾನೇ" ಎಂದು ಯಾರೂ ಕದಲಲಿಲ್ಲ. ಒಬ್ಬ ಮುದುಕಿಯ ಹನ್ನೊಂದು ಆಡು ಹೋದವು. ಆಕೆಯ ಮುಖ ಇನ್ನೂ ಕಣ್ಣ ಮುಂದಿದೆ. ಮರುವರ್ಷ ಗಡಿಯಾರ ಕೈಕೊಟ್ಟಿತು: ನೇಪಾಳದ ಸಮಯ ನಮಗಿಂತ ಕಾಲು ಗಂಟೆ ಮುಂದು. ಕೈಯಲ್ಲಿ ಬರೆದುಕೊಂಡ ಅಂಕಿ ಒಂದು ಸಮಯದಲ್ಲಿ, ತಾನಾಗಿ ಬಂದದ್ದು ಇನ್ನೊಂದರಲ್ಲಿ. ಏರಿಕೆ ದುಪ್ಪಟ್ಟು ವೇಗದ್ದಾಗಿ ಕಂಡು, ನಡುರಾತ್ರಿ ಮಳೆಯಲ್ಲಿ ಜನರನ್ನು ಎಬ್ಬಿಸಿ ಓಡಿಸಿದೆ. ನೀರು ಬರಲಿಲ್ಲ. ಆ ಹಂಗಾಮು ಪೂರ್ತಿ ನನ್ನ ಮಾತನ್ನು ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ.

ದುಡ್ಡು ಹಾಳಾದದ್ದು ನೀರಿನ ಮಟ್ಟ ಅಳೆಯುವ ರಾಡಾರ್ ಸೆನ್ಸರ್‌ನಲ್ಲಿ, ಹತ್ತಿರ ಹತ್ತಿರ 1.8 ಲಕ್ಷ. ಒಂದೇ ಮಳೆಗಾಲಕ್ಕೆ ಕೋಸಿ ಕವಲು ಬದಲಿಸಿದಳು, ಸೆನ್ಸರ್ ಮರಳಿನ ಮೇಲೆ ನಿಂತಿತು. ಈಗ ಬಣ್ಣ ಬಳಿದ ಬಿದಿರಿನ ಗಳು. ನದಿ ಸರಿದ ಕಡೆ ಕಿತ್ತು ನೆಡುತ್ತೇವೆ. ರೀಚಾರ್ಜ್, ಮೈಕು, ಬ್ಯಾಟರಿ ಸೇರಿ ವರ್ಷಕ್ಕೆ ಅರವತ್ತೆಪ್ಪತ್ತು ಸಾವಿರ. ಉಪಗ್ರಹದಿಂದ ನೀರಿನ ಮಟ್ಟ ಹಿಡಿಯಲೂ ನೋಡಿದೆ. ಅದು ನಮ್ಮ ಮೇಲೆ ಹಾದುಹೋಗುವುದು ತೀರಾ ಅಪರೂಪಕ್ಕೆ, ಬಿಟ್ಟೆ.

ಕೋಸಿ ಹೂಳು ತರುವವಳು, ನದಿಯ ತಳ ಬದಲಾಗುತ್ತಲೇ ಇರುತ್ತದೆ. ಹಾಗಾಗಿ ಹೋದ ವರ್ಷದ ಮಟ್ಟಕ್ಕೆ ಹೋದ ವರ್ಷದಷ್ಟೇ ಹರಿವು ಎಂದು ನಂಬಿದರೆ ಕೆಟ್ಟಿರಿ. ಯಾವ ಮಟ್ಟಕ್ಕೆ ಎಷ್ಟು ಹರಿವು ಎಂಬ ಪಟ್ಟಿಯನ್ನು ಮಳೆಗಾಲದ ಮೊದಲೆರಡು ಏರಿಕೆಯಲ್ಲೇ ತಿದ್ದಿಕೊಳ್ಳುತ್ತೇನೆ. ಹೇಗೆ ಎಂಬುದು ಸದ್ಯಕ್ಕೆ ನನ್ನಲ್ಲೇ ಇರಲಿ. ಹರಿವೊಂದೇ ಸಾಲದು ಎಂಬುದಕ್ಕೆ 2008ರ ಆಗಸ್ಟ್ ಸಾಕ್ಷಿ: 9.5 ಲಕ್ಷ ಕ್ಯೂಸೆಕ್ ತಾಳುವ ಬ್ಯಾರೇಜು, ಬಂದದ್ದು ಒಂದೂವರೆ ಲಕ್ಷದ ಆಸುಪಾಸು, ಆದರೂ ನೇಪಾಳದ ಕುಸಾಹಾದಲ್ಲಿ ಒಡ್ಡು ಒಡೆಯಿತು. ಅದಕ್ಕೇ ಕುಸಾಹಾ ಇರುವ ಸುನ್ಸರಿ ಜಿಲ್ಲೆಯ ಗೆಳೆಯರಿಂದ ಒಡ್ಡಿನ ಫೋಟೋ ತರಿಸಿಕೊಳ್ಳುತ್ತೇನೆ.

2024ರ ಆ ಸೆಪ್ಟೆಂಬರ್ 28ರ ಬೆಳಿಗ್ಗೆ ಚತರಾದ ಚಹಾ ಅಂಗಡಿಯವನ ಧ್ವನಿಸಂದೇಶ ಬಂತು. ಹಿಂದೆ ನದಿಯ ಮೊರೆತ. "ದಾಯ್ (ಅಣ್ಣಾ), ಘಾಟಿನ ಮೆಟ್ಟಿಲು ಒಂದೂ ಕಾಣ್ತಿಲ್ಲ" ಎಂದ. ನನ್ನ ಪಟ್ಟಿಯೂ ಅದನ್ನೇ ಹೇಳುತ್ತಿತ್ತು. ಮೈಕು ಹಚ್ಚಿಸಿದೆ. ಆಡು ಕಳೆದುಕೊಂಡ ಅಜ್ಜಿಯೇ ಎಲ್ಲರಿಗಿಂತ ಮೊದಲು ಗಂಟು ಕಟ್ಟಿದಳು.