ಯುಎಸ್ 50: ನೆವಾಡಾದ ಖಾಲಿ ರೋಡಲ್ಲಿ ಒಂಟಿತನ ಅನುಭವಿಸೋದು ಹೇಗೆ, ಸೇಫಾಗಿ ವಾಪಸ್ ಬರೋದು ಹೇಗೆ

ಕ್ಯಾಲಿಫೋರ್ನಿಯಾದ ಬೇ ಏರಿಯಾ (ಸ್ಯಾನ್ ಫ್ರಾನ್ಸಿಸ್ಕೋ ಸುತ್ತಮುತ್ತ) ಕಡೆ ಇರೋ ನಮ್ಮ ಜನಕ್ಕೆ ಲಾಂಗ್ ವೀಕೆಂಡ್ ಬಂತು ಅಂದ್ರೆ ಟಾಹೊ, ಯೊಸೆಮಿಟಿ, ಇಲ್ಲಾಂದ್ರೆ ವೇಗಸ್, ಅದೇ ಜಾಗ, ಅದೇ ಟ್ರಾಫಿಕ್ಕು, ಪಾರ್ಕಿಂಗ್ ಲಾಟಲ್ಲಿ ಅದೇ ಪರಿಚಯದ ಮುಖಗಳು. ಯಾರಾದ್ರೂ ನನ್ ಹತ್ರ "ನರಪಿಳ್ಳೆ ಇಲ್ದಿರೋ ಕಡೆ ಹೋಗ್ಬೇಕು ಮಾರಾಯ" ಅಂದ್ರೆ ನಾನು ಕಣ್ಣು ಮುಚ್ಕೊಂಡು ಹೇಳೋದು ಯುಎಸ್ 50 ಹೆದ್ದಾರಿ, ಅದ್ರಲ್ಲೂ ನೆವಾಡಾದೊಳಗೆ ಫ್ಯಾಲನ್‌ನಿಂದ ಈಲೀವರೆಗಿನ ತುಂಡು. ಹೆಚ್ಚುಕಮ್ಮಿ 257 ಮೈಲಿ, ಮಧ್ಯದಲ್ಲಿ ಊರು ಅಂತ ಸಿಗೋದು ಎರಡೇ ಎರಡು.

1986ರ ಜುಲೈನಲ್ಲಿ ಲೈಫ್ ಮ್ಯಾಗಜಿನ್ನಲ್ಲಿ ಇದನ್ನ ಅಮೆರಿಕದಲ್ಲೇ ಅತಿ ಒಂಟಿ ರೋಡು ಅಂತ ಬರೆದ್ರು. ನೋಡೋಕೆ ಏನೂ ಇಲ್ಲ, ಬದುಕಿ ಬರ್ತೀವಿ ಅನ್ನೋ ಧೈರ್ಯ ಇದ್ರೆ ಮಾತ್ರ ಹೋಗಿ ಅನ್ನೋ ಥರ ಎಚ್ಚರಿಕೆನೂ ಅದ್ರಲ್ಲೇ ಇತ್ತು. ನೆವಾಡಾದೋರು ಬೇಜಾರು ಮಾಡ್ಕೊಳ್ಳೋ ಬದ್ಲು ಅದೇ ಬೈಗುಳನ ಬೋರ್ಡ್ ಮಾಡ್ಸಿ ರೋಡಿಗೆ ನೆಟ್ಟುಬಿಟ್ರು, ಜೊತೆಗೆ ಒಂದು ಸರ್ವೈವಲ್ ಗೈಡ್ ಪ್ರಿಂಟ್ ಮಾಡಿ ಊರೂರಲ್ಲಿ ಸ್ಟಾಂಪ್ ಹಾಕೋಕೆ ಶುರು ಮಾಡಿದ್ರು. ಒಂದಷ್ಟು ಊರಿನ ಸ್ಟಾಂಪ್ ಸೇರಿಸಿ ಕಳ್ಸಿದ್ರೆ ಬದುಕಿ ಬಂದಿದ್ದಕ್ಕೆ ಸರ್ಟಿಫಿಕೇಟು. ಮಕ್ಕಳಿದ್ರೆ ಈ ಬುಕ್ ಫ್ಯಾಲನ್ನಲ್ಲೇ ಕೇಳಿ ಇಸ್ಕೊಳ್ಳಿ, ಹಿಂದಿನ ಸೀಟಿನ ಗಲಾಟೆ ಅರ್ಧ ಕಮ್ಮಿ ಆಗತ್ತೆ.

ಹೋಗೋಕೆ ಮುಂಚೆ ಒಂದು ವಿಷಯ ತಲೇಲಿ ಇಟ್ಕೊಳ್ಳಿ. ಇಲ್ಲಿ ಒಂಟಿ ಅನ್ಸೋದು ಬರೀ ಜನ ಇಲ್ಲ ಅಂತ ಅಲ್ಲ, ತುಂಬಾ ದೂರ ಕಾಣತ್ತೆ ಅಂತ. ನಮ್ ಕಡೆ ಬಂಡೀಪುರದ ರೋಡೋ ಶಿರಾಡಿ ಘಾಟಿನ ರೋಡೋ ಖಾಲಿ ಇದ್ರೂ ಮುಂದಿನ ತಿರುವಿನವರೆಗೆ ಮಾತ್ರ ಕಾಣತ್ತೆ, ಆ ತಿರುವಾಚೆ ಒಂದು ಟೀ ಅಂಗಡಿ ಇರ್ಬಹುದು ಅನ್ನೋ ಆಸೆ ಇದ್ದೇ ಇರತ್ತೆ. ಇಲ್ಲಿ ಆ ಆಸೆಗೆ ಜಾಗಾನೇ ಇಲ್ಲ. ನೆವಾಡಾದ ಬೆಟ್ಟದ ಸಾಲುಗಳು ಉತ್ತರ ದಕ್ಷಿಣವಾಗಿ ಮಲಗಿವೆ, ಈ ರೋಡು ಪಶ್ಚಿಮದಿಂದ ಪೂರ್ವಕ್ಕೆ ಹೋಗತ್ತೆ, ಅಂದ್ರೆ ನೇಗಿಲು ಹೊಡೆದ ಹೊಲದ ಸಾಲನ್ನ ಅಡ್ಡಡ್ಡ ದಾಟ್ಕೊಂಡು ಹೋದ ಹಾಗೆ. ಒಂದು ಸಮ್ಮಿಟ್ (ರೋಡು ಬೆಟ್ಟ ದಾಟೋ ತುದಿ) ಹತ್ತಿದ ತಕ್ಷಣ ಮುಂದಿನ ಇಡೀ ಕಣಿವೆ ಒಂದೇ ನೋಟಕ್ಕೆ ಕಂಡ್ಬಿಡತ್ತೆ, ನಡುವೆ ದಾರದಷ್ಟು ತೆಳ್ಳಗೆ ರೋಡು, ಆ ತುದೀಲಿ ಮತ್ತೊಂದು ಬೆಟ್ಟ, ಮಧ್ಯ ಏನೂ ಇಲ್ಲ ಅನ್ನೋದು ನಿಮಗೆ ಮೊದಲೇ ಗೊತ್ತಾಗಿರತ್ತೆ, ಆದ್ರೂ ಅದನ್ನ ಕಾಲು ಗಂಟೆ ಓಡಿಸಲೇಬೇಕು. ಆ ಕಡೆ ಹತ್ತಿದ್ರೆ ಮತ್ತೆ ಅದೇ. ಮರ ಇಲ್ಲ, ಮನೆ ಇಲ್ಲ, ಎಲ್ಲಾ ಕಡೆ ಮೊಣಕಾಲೆತ್ತರದ ಬೂದು ಹಸಿರು ಸೇಜ್‌ಬ್ರಷ್ ಗಿಡ, ಒಣ ಗಾಳಿ, ಹಾಗಾಗಿ ದೂರದ ಬೆಟ್ಟ ಹತ್ರ ಇದ್ದ ಹಾಗೆ ಕಾಣತ್ತೆ, ಹೋದಷ್ಟೂ ಹತ್ರ ಬರಲ್ಲ. ಬಿಕೋ ಅನ್ನೋದು ಇಲ್ಲೇ.

ಜನ ಯಾಕಿಲ್ಲ ಅನ್ನೋದಕ್ಕೂ ಕಾರಣ ಇದೆ. ಉತ್ತರಕ್ಕೆ ಹಂಬೋಲ್ಟ್ ನದಿ ಇದೆ, 1860ರ ದಶಕದಲ್ಲಿ ರೈಲು ಆ ನದಿ ಪಕ್ಕ ಹೋಯ್ತು, ರೈಲು ಹೋದ ಕಡೆ ಊರಾಯ್ತು, ಊರಿದ್ದ ಕಡೆ ಇಂಟರ್‌ಸ್ಟೇಟ್ 80 ಅನ್ನೋ ದೊಡ್ಡ ಹೆದ್ದಾರಿ ಬಂತು, ಲಾರಿಗಳೆಲ್ಲ ಆ ಕಡೆ ಹೋದ್ವು. ಮೇಲಾಗಿ ನೆವಾಡಾದ ನೂರಕ್ಕೆ 80 ಭಾಗ ಜಮೀನು ಫೆಡರಲ್ ಸರ್ಕಾರದ್ದು, ರೋಡ್ ಪಕ್ಕ ಯಾರೋ ಸೈಟ್ ತಗೊಂಡು ಹೋಟ್ಲು ಇಡೋಣ ಅಂದ್ರೂ ಆಗಲ್ಲ.

ಸರಿ, ತಯಾರಿ. ಗ್ಯಾಸ್ (ಪೆಟ್ರೋಲ್) ವಿಷಯದಲ್ಲಿ ನಿಯಮ ಒಂದೇ, ಊರು ಸಿಕ್ಕಿದ್ರೆ ತುಂಬಿಸಿ, ಮುಕ್ಕಾಲು ಟ್ಯಾಂಕ್ ಇದ್ರೂ ತುಂಬಿಸಿ. ಫ್ಯಾಲನ್‌ನಿಂದ ಆಸ್ಟಿನ್ 110 ಮೈಲಿ, ಅಲ್ಲಿಂದ ಯುರೇಕಾ 70, ಅಲ್ಲಿಂದ ಈಲೀ 77. ಆಸ್ಟಿನ್ನಲ್ಲಿ ರೇಟು ನೋಡಿ ಹೊಟ್ಟೆ ಉರಿಯತ್ತೆ, ಉರಿದ್ರೂ ಹಾಕ್ಸಿ. (ಹೌದು, ಇದು ಟೆಕ್ಸಸ್‌ನ ಆಸ್ಟಿನ್ ಅಲ್ಲ, ಇಲ್ಲಿ ಇನ್ನೂರು ಜನಾನೂ ಇಲ್ಲ, ಜಿಪಿಎಸ್ಸಿಗೆ ನೆವಾಡಾ ಅಂತ ಸೇರಿಸಿ ಹೇಳಿ.) ಎಲೆಕ್ಟ್ರಿಕ್ ಕಾರಿನೋರು ಚಾರ್ಜರ್ ಎಲ್ಲೆಲ್ಲಿ ಕೆಲ್ಸ ಮಾಡ್ತಿದೆ ಅಂತ ಹೊರಡೋ ಹಿಂದಿನ ದಿನ ನೋಡ್ಕೊಳ್ಳಿ, ಹತ್ತುವಾಗ ಬ್ಯಾಟರಿ ಮಾಮೂಲಿಗಿಂತ ಬೇಗ ಇಳಿಯತ್ತೆ ಅನ್ನೋ ಲೆಕ್ಕನೂ ಇರ್ಲಿ.

ರೆಂಟಲ್ ಕಾರಾದ್ರೆ ಡಿಕ್ಕಿ ತೆಗೆದು ಸ್ಪೇರ್ ಟೈರ್ ಇದ್ಯಾ ಕಣ್ಣಾರೆ ನೋಡಿ. ಈಗಿನ ಎಷ್ಟೋ ಕಾರಲ್ಲಿ ಸ್ಪೇರೇ ಇರಲ್ಲ, ಗಾಳಿ ತುಂಬೋ ಸಣ್ಣ ಕಿಟ್ ಇಟ್ಟಿರ್ತಾರೆ, ಟೈರಿನ ಪಕ್ಕ ಹರಿದ್ರೆ ಅದು ಯಾವ ಕೆಲ್ಸಕ್ಕೂ ಬರಲ್ಲ. ಮ್ಯಾಪ್ ಆಫ್‌ಲೈನ್ ಡೌನ್‌ಲೋಡ್ ಮಾಡ್ಕೊಳ್ಳಿ, ಊರು ದಾಟಿದ್ಮೇಲೆ ಗಂಟೆಗಟ್ಲೆ ಸಿಗ್ನಲ್ ಇರಲ್ಲ. ಐಫೋನ್ 14 ಮತ್ತು ಆಮೇಲಿನ ಫೋನಲ್ಲಿ ಸ್ಯಾಟಲೈಟ್ ಮೂಲಕ ಎಮರ್ಜೆನ್ಸಿ ಮೆಸೇಜ್ ಕಳಿಸೋ ವ್ಯವಸ್ಥೆ ಇದೆ, ಮನೇಲೇ ಕೂತು ಅದರ ಡೆಮೊ ಒಂದ್ಸಲ ನೋಡಿ. ನೀರು ತಲೆಗೊಂದು ಗ್ಯಾಲನ್. ಊಟದ ವಿಷಯಕ್ಕೆ ಬಂದ್ರೆ ಸಸ್ಯಾಹಾರಿಗಳು ದಯವಿಟ್ಟು ಪುಳಿಯೋಗರೆ, ಚಪಾತಿ, ಚಟ್ನಿಪುಡಿ ಏನಾದ್ರೂ ಕಟ್ಕೊಂಡೇ ಹೊರಡಿ, ದಾರೀಲಿ ಸಿಗೋದು ಬರ್ಗರು, ಅದಿಲ್ಲಾಂದ್ರೆ ಫ್ರೆಂಚ್ ಫ್ರೈಸು. ಮೊಸರನ್ನ ಬೇಸಿಗೇಲಿ ಬೇಡ, ಮಧ್ಯಾಹ್ನದೊಳಗೆ ಹುಳಿ ಬರತ್ತೆ.

ಟೈಮಿಂಗು: ಮೇ ಕೊನೆಯಿಂದ ಅಕ್ಟೋಬರ್‌ವರೆಗೆ ಒಳ್ಳೇದು. ಆಸ್ಟಿನ್ ಸಮ್ಮಿಟ್ಟೇ 7,484 ಅಡಿ, ಚಳಿಗಾಲದಲ್ಲಿ ಹಿಮ ಬಿದ್ರೆ ಬೆಟ್ಟ ದಾಟೋ ಈ ಪಾಸುಗಳು ತಾಪತ್ರಯ. ಮೊದಲ ದಿನ ಬೇ ಏರಿಯಾದಿಂದ ಬಂದು ಫ್ಯಾಲನ್ನಲ್ಲಿ ಮಲ್ಕೊಳ್ಳಿ, ಮಾರನೇ ದಿನ ಬೆಳಿಗ್ಗೆ ಹೊರಟು ಸಂಜೆ ಬೆಳಕಿರುವಾಗ್ಲೇ ಈಲೀ ಸೇರಿ. ಸುಮ್ನೆ ಓಡಿಸಿದ್ರೆ ನಾಲ್ಕು ಗಂಟೆ ದಾರಿ, ಅದಕ್ಕೆ ಇಡೀ ದಿನ ಕೊಡಿ. ನಾಲ್ಕು ಗಂಟೇಲಿ ಮುಗಿಸ್ದೋರೆಲ್ಲ ವಾಪಸ್ ಬಂದು "ಏನಿದೆ ಅಲ್ಲಿ, ಬೋರು" ಅಂತಾನೇ ಹೇಳೋದು.

ಫ್ಯಾಲನ್ ಬಿಟ್ಟು 25 ಮೈಲಿ ಆದ್ಮೇಲೆ ಎಡಗಡೆ ಸ್ಯಾಂಡ್ ಮೌಂಟನ್ ಕಾಣತ್ತೆ, 600 ಅಡಿ ಎತ್ತರದ ಒಂಟಿ ಮರಳು ಗುಡ್ಡ, ಹಿಂದೆ ಇಲ್ಲಿದ್ದ ದೊಡ್ಡ ಕೆರೆ ಒಣಗಿದ್ಮೇಲೆ ಗಾಳಿ ತಂದು ಸುರಿದ ಮರಳು. ಒಣಗಿದ ಮರಳು ಜಾರಿದ್ರೆ ಗುಂಯ್ ಅಂತ ಸದ್ದು ಬರತ್ತೆ. ಆದ್ರೆ ಶನಿವಾರ ಭಾನುವಾರ ಹೋದ್ರೆ ಕೇಳ್ಸೋದು ಬರೀ ಮರಳಲ್ಲಿ ಓಡಿಸೋ ಎಟಿವಿ ಗಾಡಿಗಳ ಸದ್ದು, ಒಂಟಿತನ ಬೇಕು ಅಂದ್ರೆ ವಾರದ ಮಧ್ಯ ಹೋಗಿ. ಗುಡ್ಡದ ಕೆಳಗೆ ಪೋನಿ ಎಕ್ಸ್‌ಪ್ರೆಸ್ ಸ್ಟೇಷನ್ನಿನ ಕಲ್ಲುಗೋಡೆ ಉಳ್ಕೊಂಡಿದೆ, ಕುದುರೆ ಮೇಲೆ ಟಪಾಲು ಒಯ್ಯೋರು ಇಲ್ಲಿ ಕುದುರೆ ಬದಲಾಯಿಸ್ತಿದ್ರು. ಆ ಕಂಪನಿ ನಡೆದಿದ್ದು 1860ರ ಏಪ್ರಿಲ್‌ನಿಂದ 1861ರ ಅಕ್ಟೋಬರ್‌ವರೆಗೆ ಮಾತ್ರ, ಟೆಲಿಗ್ರಾಫ್ ತಂತಿ ಬಂತು, ಮುಚ್ಚಿಹೋಯ್ತು. ಆಗ ಇಲ್ಲಿ ಹತ್ತು ಹದಿನೈದು ಮೈಲಿಗೊಂದು ಸ್ಟೇಷನ್ ಇತ್ತು ಅಂದ್ರೆ ಆವತ್ತಿಗಿಂತ ಇವತ್ತೇ ಈ ದಾರೀಲಿ ನಿಲ್ಲೋ ಜಾಗ ಕಮ್ಮಿ, ತಮಾಷೆ ನೋಡಿ. ಇಲ್ಲೇ ಆಕಾಶದಲ್ಲಿ ಢಂ ಅಂತ ಸದ್ದಾದ್ರೆ ಹೆದರ್ಕೋಬೇಡಿ, ಫ್ಯಾಲನ್ನಲ್ಲಿ ನೌಕಾಪಡೆಯ ವಿಮಾನ ನೆಲೆ ಇದೆ, ಟಾಪ್ ಗನ್ ಅನ್ನೋ ಪೈಲಟ್ ಸ್ಕೂಲು 1996ರಲ್ಲಿ ಇಲ್ಲಿಗೇ ಬಂತು.

ಇನ್ನೂ ಮುಂದೆ ಮಿಡಲ್‌ಗೇಟ್ ಅಂತ ಒಂದು ಮರದ ಕಟ್ಟಡ, ಬಾರು, ಸೀಲಿಂಗ್ ತುಂಬಾ ಜನ ಅಂಟಿಸಿ ಹೋದ ಡಾಲರ್ ನೋಟು. ಕೂತು ಒಂದು ಸೋಡಾ ಕುಡೀರಿ, ಮುಂದೆ ಆಸ್ಟಿನ್‌ವರೆಗೆ ಮಾತಾಡಿಸೋಕೆ ಯಾರೂ ಸಿಗೋದು ಕಷ್ಟ.

ಇದಾದ್ಮೇಲೆ ಯಾವುದಾದ್ರೂ ಒಂದು ಕಣಿವೇಲಿ ಈ ಕೆಲ್ಸ ಮಾಡಿ. ಹಾಡು ಆಫ್ ಮಾಡಿ, ಪಾಡ್‌ಕಾಸ್ಟೂ ಬೇಡ. ರೋಡ್ ಪಕ್ಕ ಅಗಲವಾಗಿ ಜಲ್ಲಿ ಹಾಕಿರೋ ಜಾಗ ನೋಡಿ ನಿಲ್ಸಿ, ಒಣ ಹುಲ್ಲಿನ ಮೇಲೆ ಮಾತ್ರ ನಿಲ್ಲಿಸಬೇಡಿ, ಕಾದ ಸೈಲೆನ್ಸರ್‌ನಿಂದ ಬೆಂಕಿ ಹತ್ಕೊಳ್ಳತ್ತೆ. ಎಂಜಿನ್ ಆಫ್ ಮಾಡಿ ಇಳಿದು ಇನ್ನೂರು ಹೆಜ್ಜೆ ಆಚೆ ನಡೀರಿ. ಮೊದಲು ಎಂಜಿನ್ ತಣ್ಣಗಾಗೋ ಟಿಕ್ ಟಿಕ್ ಕೇಳತ್ತೆ, ಆಮೇಲೆ ಅದೂ ನಿಲ್ಲತ್ತೆ, ಗಾಳಿ ಇಲ್ಲಾಂದ್ರೆ ನಿಮ್ಮ ಕಿವಿಯೊಳಗಿನ ಗುಂಯ್ ಬಿಟ್ರೆ ಏನೂ ಇಲ್ಲ. ಕಾಯ್ತಾ ಇರಿ. ದೂರದ ಸಮ್ಮಿಟ್ಟಲ್ಲಿ ಒಂದು ಚುಕ್ಕೆ ಮಿಂಚತ್ತೆ, ಯಾವುದೋ ಕಾರಿನ ಗಾಜು, ಬಿಸಿಲಿನ ಝಳದಲ್ಲಿ ಕರಗಿ ಮತ್ತೆ ಕೂಡ್ಕೊಂಡು ನಿಂತಲ್ಲೇ ನಿಂತ ಹಾಗೆ ಇರತ್ತೆ, ಐದು ನಿಮಿಷ ಆದ್ರೂ ಅಲ್ಲೇ ಇದೆ ಅನ್ಸತ್ತೆ, ಇದ್ದಕ್ಕಿದ್ದ ಹಾಗೆ ಟೈರಿನ ಸದ್ದು, ಸೊಂಯ್ ಅಂತ ದಾಟಿ ಹೋಯ್ತು, ಓಡಿಸ್ತಿದ್ದೋನು ಸ್ಟೀರಿಂಗ್ ಮೇಲಿಂದ ಒಂದು ಬೆರಳು ಎತ್ತಿದ ಅಷ್ಟೇ. ನೀವೂ ಕೈ ಎತ್ತಿ, ಇಲ್ಲಿನ ಮರ್ಯಾದೆ ಅದು. ಇದನ್ನ ಹೇಳಿದ್ದಕ್ಕೆ ಇನ್ನೊಂದು ಕಾರಣ ಇದೆ, ನಡು ರೋಡಲ್ಲಿ ಕೂತು ಫೋಟೋ ತೆಗೆಸ್ಕೊಳ್ಳೋ ಹುಚ್ಚು ಎಲ್ರಿಗೂ ಇರತ್ತೆ, ಆ ಚುಕ್ಕೆ ಗಂಟೆಗೆ 70 ಮೈಲೀಲಿ ಬರ್ತಿರತ್ತೆ ಅನ್ನೋದು ನೆನಪಿರಲಿ.

ಆಸ್ಟಿನ್ ಹತ್ರ ಬಂದಾಗ ಊರಿಗೆ ಸ್ವಲ್ಪ ಮುಂಚೆ ಸ್ಟೋಕ್ಸ್ ಕ್ಯಾಸಲ್ ಬೋರ್ಡ್ ನೋಡಿ ಮಣ್ಣುರೋಡಿಗೆ ತಿರುಗಿ. ಗಣಿ ದುಡ್ಡಿನ ಮನೆತನ 1897ರಲ್ಲಿ ಕಟ್ಟಿಸಿದ ಮೂರು ಅಂತಸ್ತಿನ ಕಲ್ಲು ಗೋಪುರ, ಅವರು ಅದ್ರಲ್ಲಿ ಇದ್ದಿದ್ದು ಸ್ವಲ್ಪ ದಿನ ಅಷ್ಟೇ. ಗೋಪುರಕ್ಕೆ ಬೇಲಿ ಇದೆ, ಬಿಡಿ, ಅದರ ಪಕ್ಕ ನಿಂತು ಕೆಳಗೆ ರೀಸ್ ರಿವರ್ ಕಣಿವೆ ನೋಡಿ, ನೀವು ಬಂದ ರೋಡು ಪೂರ್ತಿ ಕಾಣತ್ತೆ. ಊರಲ್ಲಿ 1862ರಲ್ಲಿ ಬೆಳ್ಳಿ ಸಿಕ್ಕಿ ಸಾವಿರಾರು ಜನ ಬಂದಿದ್ರು. 1864ರಲ್ಲಿ ಎಲೆಕ್ಷನ್ ಬಾಜಿ ಸೋತ ಗ್ರಿಡ್ಲಿ ಅನ್ನೋ ವ್ಯಾಪಾರಿ 50 ಪೌಂಡಿನ ಹಿಟ್ಟಿನ ಮೂಟೆ ಹೊತ್ಕೊಂಡು ಊರಲ್ಲೆಲ್ಲಾ ನಡೆದ, ಆಮೇಲೆ ಅದೇ ಮೂಟೇನ ಮತ್ತೆ ಮತ್ತೆ ಹರಾಜು ಹಾಕಿ ಸಿವಿಲ್ ವಾರ್‌ನಲ್ಲಿ ಗಾಯಗೊಂಡ ಸೈನಿಕರಿಗೆ ದುಡ್ಡು ಎತ್ತಿದ್ರು. ಈಗ ಮೇನ್ ರೋಡಲ್ಲಿ ಮುಚ್ಚಿದ ಬಾಗಿಲುಗಳೇ ಜಾಸ್ತಿ. ನನ್ನ ಲೆಕ್ಕದಲ್ಲಿ ಏನೂ ಇಲ್ಲದ ಕಣಿವೆಗಿಂತ ಒಂದು ಕಾಲದಲ್ಲಿ ತುಂಬಿದ್ದ ಇಂಥ ಊರು ಜಾಸ್ತಿ ಭಣಭಣ ಅನ್ನತ್ತೆ.

ಯುರೇಕಾ ಪರವಾಗಿಲ್ಲ, ಚೆಂದ ಇಟ್ಕೊಂಡಿದಾರೆ, 1880ರ ಆಪೆರಾ ಹೌಸ್ ಇದೆ, ಕಾಲು ಚಾಚಿ ಮುಂದೆ ಹೋಗಿ. ಊರೊಳಗೆ ಸ್ಪೀಡ್ ಲಿಮಿಟ್ ಗಂಟೆಗೆ 25 ಮೈಲಿಗೆ ಇಳಿಯತ್ತೆ, 70ರಲ್ಲಿ ಬಂದ ಕಾಲಿಗೆ ಅದು ಗೊತ್ತಾಗಲ್ಲ, ಪೊಲೀಸಿನೋರಿಗೆ ಗೊತ್ತಾಗತ್ತೆ.

ಕತ್ತಲಾದ್ಮೇಲೆ ಓಡಿಸಬೇಡಿ ಅಂದಿದ್ದು ದೆವ್ವ ಭೂತಕ್ಕಲ್ಲ, ದನಕ್ಕೆ. ಇದು ಓಪನ್ ರೇಂಜ್, ಅಂದ್ರೆ ದನಗಳನ್ನ ಬಿಟ್ಟು ಮೇಯಿಸೋ ಜಾಗ, ಬೇಲಿ ಇಲ್ಲದ ಕಡೆ ಕಪ್ಪು ಹಸುಗಳು ರೋಡಿಗೆ ಬರ್ತವೆ, ಹೆಡ್‌ಲೈಟಿಗೆ ಕೊನೇ ಕ್ಷಣದವರೆಗೆ ಕಾಣಲ್ಲ. ನೆವಾಡಾ ಕಾನೂನಲ್ಲಿ ಓಪನ್ ರೇಂಜಲ್ಲಿ ದನಕ್ಕೆ ಗುದ್ದಿದ್ರೆ ದನದ ಯಜಮಾನನ ಮೇಲೆ ಹೊಣೆ ಬರಲ್ಲ, ಕಾರಿನ ಖರ್ಚು ನಿಮ್ದೇ. ಜಿಂಕೆಗಳು ಮುಸ್ಸಂಜೇಲಿ. ಮಧ್ಯಾಹ್ನದ ಅಪಾಯ ಬೇರೆ, ನಿದ್ದೆ. ನೇರ ರೋಡು, ಕ್ರೂಸ್ ಕಂಟ್ರೋಲು, ಹೊಟ್ಟೇಲಿ ಪುಳಿಯೋಗರೆ, ಕಣ್ಣು ತೆರೆದೇ ಇರತ್ತೆ ಆದ್ರೆ ಹಿಂದಿನ ಹತ್ತು ಮೈಲಿ ನೆನಪೇ ಇರಲ್ಲ. ಹಾಗನ್ಸಿದ ತಕ್ಷಣ ಡ್ರೈವರ್ ಬದಲಾಗ್ಬೇಕು, ಒಬ್ರೇ ಇದ್ರೆ ಪ್ರತಿ ಸಮ್ಮಿಟ್ಟಲ್ಲೂ ಇಳಿಯೋದು ಅಂತ ಇಟ್ಕೊಳ್ಳಿ.

ಕಾರ್ ಕೆಟ್ರೆ ನಡ್ಕೊಂಡು ಹೊರಡಬೇಡಿ, ಹತ್ರ ಕಾಣೋ ಬೆಟ್ಟ ಹತ್ರ ಇಲ್ಲ ಅಂತ ಆಗ್ಲೇ ಹೇಳಿದೀನಿ. ಬಾನೆಟ್ ಎತ್ತಿಟ್ಟು, ಕಾರಿನ ನೆರಳಲ್ಲಿ ಕೂತ್ಕೊಂಡು ಕಾಯಿರಿ. ಒಂಟಿ ರೋಡಿನ ಒಳ್ಳೇ ಗುಣ ಏನಂದ್ರೆ ಬರೋ ಗಾಡಿ ಕಮ್ಮಿ, ಆದ್ರೆ ಬಂದೋರು ನಿಲ್ಲಿಸ್ತಾರೆ, ಬೇ ಏರಿಯಾ ಫ್ರೀವೇಲಿ ಸಾವಿರ ಕಾರು ಹೋದ್ರೂ ಒಬ್ರೂ ನಿಲ್ಲಿಸಲ್ಲ. ನೀವೂ ಯಾರಾದ್ರೂ ನಿಂತಿದ್ದು ಕಂಡ್ರೆ ನಿಧಾನ ಮಾಡಿ, ಹೆಬ್ಬೆರಳು ಎತ್ತಿ ಕೇಳಿ, ಅವ್ರು ಸರಿ ಇದೀವಿ ಅಂದ್ರೆ ಮುಂದಕ್ಕೆ.

ಈಲೀಲಿ ಉಳ್ಕೊಂಡು ಮಾರನೇ ದಿನ ಇನ್ನೊಂದು ಗಂಟೆ ಪೂರ್ವಕ್ಕೆ ಗ್ರೇಟ್ ಬೇಸಿನ್ ನ್ಯಾಷನಲ್ ಪಾರ್ಕಿಗೆ ಹೋಗಿ. ಗುಹೆ ಟೂರು ಮೊದಲೇ ಬುಕ್ ಮಾಡಿ, ರಾತ್ರಿ ಅಲ್ಲೇ ಕ್ಯಾಂಪ್ ಮಾಡಿದ್ರೆ ನಕ್ಷತ್ರಕ್ಕೆ ಬೇರೆ ಜಾಗ ಹುಡುಕೋದೇ ಬೇಡ. ವಾಪಸ್ ಬರುವಾಗ ಸಾಕಪ್ಪಾ ಅನ್ಸಿದ್ರೆ ಈಲೀಯಿಂದ ಉತ್ತರಕ್ಕೆ ಹೋಗಿ ಇಂಟರ್‌ಸ್ಟೇಟ್ 80 ಹಿಡೀರಿ. ಇನ್ನೂ ಬೇಕು ಅನ್ಸಿದ್ರೆ ಈಲೀಯಿಂದ ಟೋನೋಪಾಗೆ ಯುಎಸ್ 6 ಇದೆ, 160 ಮೈಲಿಗೂ ಮೇಲೆ ಒಂದೇ ಒಂದು ಗ್ಯಾಸ್ ಸ್ಟೇಷನ್ ಇಲ್ಲ, ಅದರ ಮುಂದೆ 50 ಗಲಾಟೆ ರೋಡು ಅನ್ಸತ್ತೆ. ಟ್ಯಾಂಕ್ ಫುಲ್ ಮಾಡ್ಸಿ, ಯಾವ ದಾರಿ ಹಿಡಿದಿದೀರಿ ಅಂತ ಮನೆಗೊಂದು ಮೆಸೇಜ್ ಹಾಕಿ, ಆಮೇಲೆ ಹೊರಡಿ.