ಕುರ್ದರ ಮೂಲ ಯಾವುದು? ವಾದಗಳನ್ನು ಒರೆಗೆ ಹಚ್ಚುವ ಬಗೆ

‘ಕುರ್ದರು ಮೀಡರ ಸಂತತಿ’, ‘ಕ್ಸೆನೊಫೋನ್ ಕಂಡ ಕಾರ್ದುಖರೇ ಇಂದಿನ ಕುರ್ದರು’, ‘ಸುಮೇರಿನ ಕಾಲದ ಗುತಿಗಳೇ ಅವರ ಪೂರ್ವಜರು’, ‘ಕುರ್ದರೆಂಬ ಜನವೇ ಇಲ್ಲ, ಅವರು ಬೆಟ್ಟದ ತುರ್ಕರು’. ಕುರ್ದರೆಂದರೆ ಇಂದಿನ ತುರ್ಕಿ, ಇರಾನ್, ಇರಾಕ್, ಸಿರಿಯಾಗಳ ಬೆಟ್ಟಸೀಮೆಯಲ್ಲಿ ಬಾಳುವ ಜನ; ಮೀಡರು ಪ್ರಾಚೀನ ವಾಯವ್ಯ ಇರಾನಿನ ಜನ. ಕುರ್ದರ ಮೂಲದ ಬಗ್ಗೆ ಓದಲು ಕೂತವರಿಗೆ ಈ ನಾಲ್ಕೂ ಮಾತು ಬೇಗನೆ ಎದುರಾಗುತ್ತವೆ. ನಾಲ್ಕೂ ಒಂದೇ ತೂಕದವಲ್ಲ.

ಮೊದಲು ಒಂದು ಹಾಳೆಯಲ್ಲಿ ಮೂರು ಅಂಕಣ ಎಳೆಯಿರಿ: ಹೆಸರು, ಭಾಷೆ, ಜನ. ಎದುರಾದ ಪ್ರತಿ ಪುರಾವೆಯನ್ನೂ ಇವುಗಳಲ್ಲಿ ಒಂದಕ್ಕೆ ಮಾತ್ರ ಹಾಕಿ. ಒಂದು ಅಂಕಣದ ಪುರಾವೆಯನ್ನು ಸದ್ದಿಲ್ಲದೆ ಇನ್ನೊಂದಕ್ಕೆ ಸಾಗಿಸಿದಾಗಲೇ ಎಡವಟ್ಟಾಗುವುದು. ಹೆಸರು ಒಂದು ಜನದಿಂದ ಇನ್ನೊಂದಕ್ಕೆ ದಾಟಬಲ್ಲದು. ಜನ ಅದೇ ಬೆಟ್ಟದಲ್ಲಿದ್ದುಕೊಂಡೇ ಭಾಷೆ ಬದಲಿಸಬಲ್ಲರು.

ಹೆಸರಿನ ಅಂಕಣದಲ್ಲಿ ಕೆಲಸ ಜಾಸ್ತಿ. ಕಾರ್ದುಖರನ್ನೇ ತೆಗೆದುಕೊಳ್ಳಿ. ಕ್ರಿ.ಪೂ. 401ರಲ್ಲಿ ಬರಹಗಾರ ಕ್ಸೆನೊಫೋನ್ ಇದ್ದ ಗ್ರೀಕ್ ಕೂಲಿಸೈನ್ಯ ಇಂದಿನ ಆಗ್ನೇಯ ತುರ್ಕಿಯ ಬೆಟ್ಟಗಳನ್ನು ದಾಟುವಾಗ ಏಳು ದಿನ ಇವರೊಂದಿಗೆ ಹೊಡೆದಾಡಬೇಕಾಯಿತು. ಜಾಗ ಸರಿಹೊಂದುತ್ತದೆ, ಸದ್ದೂ ಹತ್ತಿರವಿದೆ. ಆದರೂ ಪದವನ್ನು ಬಿಡಿಸಿ ನೋಡಿ. ಗ್ರೀಕಿನ ‘ಕಾರ್ದುಖೊಯ್’ನಲ್ಲಿ ಕೊನೆಯ ‘ಒಯ್’ ಗ್ರೀಕ್ ಬಹುವಚನ. ಅದರ ಹಿಂದಿನ ‘ಖ್’ ಅರ್ಮೇನಿಯನ್ ಬಹುವಚನದ ಗುರುತಿರಬಹುದು. ಎರಡನ್ನೂ ಕಳೆದರೆ ಉಳಿಯುವುದು ‘ಕಾರ್ದು’. ‘ಕುರ್ದ್’ ಎಂಬುದರ ಹಳೆಯ ರೂಪವಾದರೋ ‘ಕುರ್ತ್’ ಎಂದಿತ್ತು ಎಂದು ಭಾಷಾಶಾಸ್ತ್ರಜ್ಞರು ಕಟ್ಟಿಕೊಡುತ್ತಾರೆ. ಸ್ವರವೂ ಬೇರೆ, ವ್ಯಂಜನವೂ ಬೇರೆ. ಜರ್ಮನ್ ವಿದ್ವಾಂಸ ಥಿಯೊಡೊರ್ ನ್ಯೋಲ್ಡೆಕೆ 19ನೇ ಶತಮಾನದ ಕೊನೆಗೇ ಈ ಎರಡನ್ನೂ ಬೇರ್ಪಡಿಸಿದ್ದರು.

‘ಕುರ್ತ್’ಗೆ ಹೆಚ್ಚು ಒಪ್ಪುವ ಹೆಸರು ಕಿರ್ತಿಯರದ್ದು. ಪ್ರಾಚೀನ ಚರಿತ್ರೆಕಾರರಾದ ಗ್ರೀಸಿನ ಪೊಲಿಬಿಯಸ್ ಮತ್ತು ರೋಮಿನ ಲಿವಿ ಇವರನ್ನು ಕವಣೆ ಬೀಸುವ ಸೈನಿಕರೆಂದು ಹೇಳುತ್ತಾರೆ, ಇಂದಿನ ಪಶ್ಚಿಮ ತುರ್ಕಿಯಲ್ಲಿ ನಡೆದ ಕ್ರಿ.ಪೂ. 190ರ ಮೆಗ್ನೀಸಿಯಾ ಕದನದಲ್ಲೂ ಇವರಿದ್ದರು. ಗ್ರೀಕ್ ಭೂಗೋಳಕಾರ ಸ್ಟ್ರಾಬೊ ಇವರನ್ನು ಇಡುವುದು ಮೀಡರ ನಾಡಾದ ಮೀಡಿಯದಲ್ಲಿ ಮತ್ತು ಇರಾನಿನ ದಕ್ಷಿಣದ ಪರ್ಸಿಸ್‌ನಲ್ಲಿ. ಹೆಸರು ಹೊಂದಿದರೂ ಇವರಾಡುತ್ತಿದ್ದ ಮಾತಿನ ಒಂದು ಸಾಲೂ ಉಳಿದಿಲ್ಲ. ಹಾಗಾಗಿ ‘ಭಾಷೆ’ಯ ಅಂಕಣ ಇಲ್ಲಿ ಖಾಲಿಯೇ ಇರಲಿ, ತುಂಬಲು ಹೋಗಬೇಡಿ.

ಹೆಸರು ಸಿಕ್ಕಿದ ಮೇಲೆ ಇನ್ನೊಂದು ಪ್ರಶ್ನೆ ಕೇಳಲೇಬೇಕು: ಬರೆದವರ ಕಾಲದಲ್ಲಿ ಆ ಪದಕ್ಕೆ ಏನರ್ಥವಿತ್ತು? ಪಹ್ಲವಿ (ಇಸ್ಲಾಮಿಗೆ ಮುಂಚಿನ ನಡು ಪರ್ಷಿಯನ್) ಬರಹಗಳಲ್ಲೂ ಮೊದಲ ಅರಬ್ಬೀ ಚರಿತ್ರೆಗಳಲ್ಲೂ ‘ಕುರ್ದ್’ ಎಂದರೆ ಎಷ್ಟೋ ಕಡೆ ಡೇರೆಯಲ್ಲಿ ಬಾಳುವ, ಮಂದೆ ಮೇಯಿಸುವ ಅಲೆಮಾರಿ ಎಂದಷ್ಟೇ. 10ನೇ ಶತಮಾನದ ಹಮ್ಜಾ ಅಲ್ ಇಸ್ಫಹಾನಿ ಬರೆಯುವಂತೆ, ಪರ್ಷಿಯನ್ನರು ಕ್ಯಾಸ್ಪಿಯನ್ ಸಮುದ್ರದ ದಕ್ಷಿಣದ ಬೆಟ್ಟದವರಾದ ದೈಲಮಿಗಳನ್ನು ‘ತಬರಿಸ್ತಾನದ ಕುರ್ದರು’ ಎನ್ನುತ್ತಿದ್ದರು, ಅರಬರನ್ನು ‘ಸೂರಿಸ್ತಾನದ (ಎಂದರೆ ಇರಾಕಿನ) ಕುರ್ದರು’ ಎನ್ನುತ್ತಿದ್ದರು. ಅರಬರನ್ನೂ ಒಳಗೊಳ್ಳುವ ಪದವನ್ನು ಇಂದಿನ ಜನಾಂಗದ ಹೆಸರಾಗಿ ಓದಿದರೆ ಇಡೀ ಲೆಕ್ಕ ತಪ್ಪುತ್ತದೆ. ಈ ಪರೀಕ್ಷೆ ಮಾಡದೆ ಹಳೆಯ ಗ್ರಂಥದಲ್ಲಿ ಹೆಸರು ಕಂಡೊಡನೆ ನಕ್ಷೆ ಬರೆದುಬಿಡುವುದನ್ನು ತುಂಬಾ ಕಡೆ ಕಾಣುತ್ತೇವೆ.

ಗುತಿಗಳ ವಾದಕ್ಕೆ ಹೆಚ್ಚು ಹೊತ್ತು ಬೇಡ. ಅವರ ಭಾಷೆಯದೆಂದು ಉಳಿದಿರುವುದು ಹೆಚ್ಚಾಗಿ ದೊರೆಗಳ ಹೆಸರುಗಳು. ಸದ್ದಿನ ಹೋಲಿಕೆಯೊಂದರ ಮೇಲೆ ಸಾವಿರಾರು ವರ್ಷಗಳ ಸೇತುವೆ ನಿಲ್ಲುವುದಿಲ್ಲ.

ಮೀಡರ ವಾದವನ್ನು ಭಾಷೆಯ ಅಂಕಣದಲ್ಲಿ ತೂಗಿ. ರಷ್ಯಾ ಮೂಲದ ವಿದ್ವಾಂಸ ವ್ಲಾದಿಮಿರ್ ಮಿನೋರ್ಸ್ಕಿ 1938ರಲ್ಲಿ ಇದಕ್ಕೆ ವಿದ್ವತ್ತಿನ ಬಲ ಕೊಟ್ಟರು, ಇರಾನಿ ಭಾಷೆಗಳ ಬ್ರಿಟಿಷ್ ವಿದ್ವಾಂಸ ಡಿ. ಎನ್. ಮೆಕೆಂಝಿ 1961ರಲ್ಲಿ ಅದನ್ನು ಪ್ರಶ್ನಿಸಿದರು. ಇಬ್ಬರ ನಡುವಿನ ವಾದದ ಸ್ವರೂಪವನ್ನು ನಾಲ್ಕು ಪದ ಹಿಡಿದು ನೀವೇ ನೋಡಬಹುದು. ‘ತಿಳಿ’ ಎಂಬುದಕ್ಕೆ ಪರ್ಷಿಯನ್ ಧಾತು ‘ದಾನ್’, ಕುರ್ದಿಶ್ ‘ಝಾನ್’. ಅಳಿಯನಿಗೆ ಪರ್ಷಿಯನ್ ‘ದಾಮಾದ್’, ಕುರ್ದಿಶ್ ‘ಝಾವಾ’. ಸಂಸ್ಕೃತದ ‘ಜಾಮಾತೃ’ ಪರಿಚಯವಿರುವ ನಮಗೆ ಈ ಸಾಲು ಬೇಗ ಹಿಡಿಯುತ್ತದೆ. ಕಬ್ಬಿಣಕ್ಕೆ ಪರ್ಷಿಯನ್ ‘ಆಹನ್’, ಕುರ್ದಿಶ್ ‘ಹೆಸಿನ್’ ಅಥವಾ ‘ಆಸಿನ್’. ಇಷ್ಟಕ್ಕೇ ನಿಂತರೆ ಕುರ್ದಿಶ್ ಪರ್ಷಿಯನ್ನಿನಿಂದ ಬೇರೆಯಾದ ವಾಯವ್ಯ ಇರಾನಿ ಭಾಷೆ ಎಂದು ತೀರ್ಮಾನವಾಗುತ್ತದೆ. ಈಗ ‘ಮೂರು’ ತೆಗೆದುಕೊಳ್ಳಿ: ವಾಯವ್ಯ ಇರಾನಿ ಭಾಷೆಗಳೇ ಆದ ಪ್ರಾಚೀನ ಪಾರ್ಥಿಯನ್‌ನಲ್ಲಿ ‘ಹ್ರೇ’, ಪೂರ್ವ ತುರ್ಕಿಯ ಝಾಝಾದಲ್ಲಿ ‘ಹೀರೇ’. ಕುರ್ದಿಶ್ ಮಾತ್ರ ‘ಸೇ’, ಪರ್ಷಿಯನ್ನಿನ ‘ಸೆ’ಯ ಹಾಗೆಯೇ. ಅಂದರೆ ಕುರ್ದಿಶ್ ಬಹಳ ಹಿಂದಿನಿಂದ ಪರ್ಷಿಯನ್ನಿನ ನೆರೆಯಲ್ಲಿ ಬೆಳೆದಿರಬೇಕು. ಮೀಡರ ಭಾಷೆಯಲ್ಲಿ ಒಂದು ಶಾಸನವೂ ದೊರೆತಿಲ್ಲ. ಹಳೆಯ ಪರ್ಷಿಯನ್ ಶಾಸನಗಳಿಗೆ ಬಂದು ಸೇರಿದ ಕೆಲವು ಪದಗಳು, ನಾಯಿಗೆ ‘ಸ್ಪಾಕ’ ಎನ್ನುತ್ತಿದ್ದರೆಂಬ ಗ್ರೀಕ್ ಚರಿತ್ರೆಕಾರ ಹೆರೊಡೋಟಸನ ಮಾತು, ಇಂಥ ಚೂರುಗಳನ್ನು ಹಿಡಿದು ತಾಯಿ-ಮಗಳ ನಂಟು ಸಾಧಿಸಲಾಗದು.

ದಂತಕಥೆಯನ್ನು ಎಸೆಯಬೇಡಿ, ಅದರ ತಾರೀಖು ಬರೆದಿಡಿ. ಶರಫ್ ಖಾನ್ ಬಿದ್ಲೀಸಿ 1597ರಲ್ಲಿ ಮುಗಿಸಿದ ‘ಶರಫ್‌ನಾಮೆ’ಯಲ್ಲಿ ಭುಜದಲ್ಲಿ ಹಾವು ಬೆಳೆದ ದೊರೆ ಝಹ್ಹಾಕನಿಂದ ತಪ್ಪಿಸಿಕೊಂಡು ಬೆಟ್ಟ ಸೇರಿದ ತರುಣರ ಕಥೆ ಬರುತ್ತದೆ. 16ನೇ ಶತಮಾನದ ಕುರ್ದ್ ಅರಸುಮನೆತನದವನೊಬ್ಬ ತನ್ನವರ ಮೂಲದ ಬಗ್ಗೆ ಯಾವ ಕಥೆಗಳನ್ನು ಕೇಳಿದ್ದ ಎಂಬುದಕ್ಕೆ ಅದು ಒಳ್ಳೆಯ ಪುರಾವೆ.

‘ಬೆಟ್ಟದ ತುರ್ಕರು’ ಎಂಬುದನ್ನು ವಾದವೆಂದು ತೂಗಲೇಬೇಡಿ. ಕುರ್ದಿಶ್ ಇರಾನಿ ಕುಟುಂಬದ್ದು, ತುರ್ಕಿ ಭಾಷೆ ಬೇರೆಯೇ ಕುಟುಂಬದ್ದು. ಆ ಹಣೆಪಟ್ಟಿ ಹುಟ್ಟಿದ್ದು ಒಂದು ಜನವನ್ನೇ ಇಲ್ಲವೆನ್ನುವ ಉದ್ದೇಶದಿಂದ. ತುರ್ಕಿಯಲ್ಲಿ 1983ರಿಂದ 1991ರವರೆಗೆ ಕುರ್ದಿಶ್ ಬಳಕೆಯನ್ನು ನಿಷೇಧಿಸಿದ 2932ನೇ ಸಂಖ್ಯೆಯ ಕಾನೂನೇ ಇತ್ತು. ಮೀಡರ ನಂಟಿಗೆ ಕುರ್ದರು ಯಾಕೆ ಅಷ್ಟು ಬಲವಾಗಿ ಅಂಟಿಕೊಂಡರೆಂಬುದು ಇದರಿಂದ ಅರ್ಥವಾಗುತ್ತದೆ. 1995ರಲ್ಲಿ ಯುರೋಪಿನಿಂದ ಶುರುವಾದ ಅವರ ಉಪಗ್ರಹ ವಾಹಿನಿಯ ಹೆಸರೂ ‘ಮೆಡ್ ಟಿವಿ’.

ಡಿಎನ್‌ಎ ಫಲಿತಾಂಶ ಕಂಡರೆ ‘ಜನ’ದ ಅಂಕಣಕ್ಕೆ ಹಾಕಿ. ಮಾದರಿ ಯಾವ ಊರಿನವರದು, ಎಷ್ಟು ಜನರದು, ಹೋಲಿಸಿದ್ದು ಯಾರೊಂದಿಗೆ ಎಂಬ ಮೂರನ್ನೂ ಪಕ್ಕದಲ್ಲೇ ಗುರುತು ಮಾಡಿ. ವಂಶವಾಹಿಯಲ್ಲಿ ಭಾಷೆಯ ಹೆಸರು ಬರೆದಿರುವುದಿಲ್ಲ.

ನೀವೇ ಬರೆಯುವಾಗ ‘ಕುರ್ದರು ಮೀಡರ ಸಂತತಿ’ ಎನ್ನುವ ಬದಲು ‘ಹಲವು ಕುರ್ದರು ತಮ್ಮನ್ನು ಮೀಡರ ವಾರಸುದಾರರೆಂದು ಕಾಣುತ್ತಾರೆ, ಭಾಷೆಯ ಪುರಾವೆಯಿಂದ ಅದು ಸಾಬೀತಾಗಿಲ್ಲ’ ಎನ್ನಿ. ಝಾಝಾ ಮತ್ತು ಇರಾನ್-ಇರಾಕ್ ಗಡಿಯ ಗೊರಾನಿ ಮಾತನಾಡುವವರ ವಿಷಯದಲ್ಲಿ ಇನ್ನಷ್ಟು ಎಚ್ಚರ ಬೇಕು. ಭಾಷಾಶಾಸ್ತ್ರಜ್ಞರಲ್ಲಿ ಹಲವರು ಇವನ್ನು ಕುರ್ದಿಶ್‌ನಿಂದ ಬೇರೆ ಭಾಷೆಗಳೆಂದು ಎಣಿಸುತ್ತಾರೆ. ಆಡುವವರಲ್ಲಿ ಬಹಳಷ್ಟು ಮಂದಿ ತಾವು ಕುರ್ದರೆನ್ನುತ್ತಾರೆ, ಕೆಲವರು ಅಲ್ಲವೆನ್ನುತ್ತಾರೆ. ಮೊದಲನೆಯದನ್ನು ಭಾಷೆಯ ಅಂಕಣದಲ್ಲಿ, ಎರಡನೆಯದನ್ನು ಜನರ ಅಂಕಣದಲ್ಲಿ ಬರೆಯಿರಿ.