ಆನ್‌ಲೈನ್ ಬ್ಯಾಂಕ್ ಸ್ಟೇಟ್‌ಮೆಂಟು ವೀಸಾ ಅರ್ಜಿಗೆ ನಡೆಯುತ್ತಾ? ನಡೆಯುತ್ತೆ, ಆದ್ರೆ ಹೀಗೆ ತಗೋಬೇಕು

ವೀಸಾಗೋ ಪಿಆರ್‌ಗೋ (ಬೇರೆ ದೇಶದಲ್ಲಿ ಕಾಯಂ ಇರೋಕೆ ಕೊಡೋ ಅನುಮತಿ) ಅರ್ಜಿ ಹಾಕೋಕೆ ಕೂತಾಗ ಎಲ್ರಿಗೂ ಬರೋ ಡೌಟ್ ಇದು. ನೆಟ್‌ಬ್ಯಾಂಕಿಂಗಲ್ಲಿ ಡೌನ್‌ಲೋಡ್ ಮಾಡಿದ ಪಿಡಿಎಫ್ ಸಾಕಾ, ಇಲ್ಲ ಬ್ರಾಂಚಿಗೆ ಹೋಗಿ ಸೀಲು ಹಾಕಿಸ್ಕೊಂಡು ಬರ್ಬೇಕಾ? ಒಬ್ಬರು ಸಾಕು ಅಂತಾರೆ, ಇನ್ನೊಬ್ಬರು ನಂದು ರಿಜೆಕ್ಟ್ ಆಯ್ತು ಅಂತಾರೆ, ಇಬ್ರು ಹೇಳೋದೂ ನಿಜಾನೇ ಇರುತ್ತೆ ಯಾಕಂದ್ರೆ ಇಬ್ರೂ ಅರ್ಜಿ ಹಾಕಿರೋ ದೇಶ ಬೇರೆ, ವೀಸಾ ಬೇರೆ.

ಸ್ಟೇಟ್‌ಮೆಂಟು ಆನ್‌ಲೈನಿಂದ ಬಂತು ಅನ್ನೋದು ತಪ್ಪೇ ಅಲ್ಲ. ಯುಕೆ ರೂಲ್ಸ್ ನೋಡಿ, ಸ್ಟೂಡೆಂಟ್ ವೀಸಾ ಥರದವಕ್ಕೆ ದುಡ್ಡು ತೋರಿಸುವಾಗ ಲೆಕ್ಕನೆಲ್ಲಾ ಕಂಪ್ಯೂಟರಲ್ಲಿ ಇಡದೇ ಇರೋ ಬ್ಯಾಂಕಾದ್ರೆ ಅಲ್ಲಿರೋ ದುಡ್ಡನ್ನ ಲೆಕ್ಕಕ್ಕೇ ತಗೊಳಲ್ಲ, ಹಾಗೇ ಅವ್ರಿಗೆ ವಿಚಾರಿಸಿ ಖಾತ್ರಿ ಮಾಡ್ಕೊಳೋಕೆ ಆಗದೇ ಇರೋ ಬ್ಯಾಂಕಾದ್ರೂ ತಗೊಳಲ್ಲ. ಅಂದ್ರೆ ಫೈಲ್ ನೋಡೋ ಆಫೀಸರ್ ತಲೇಲಿ ಇರೋದು ಇಷ್ಟೇ: ಇದು ಬ್ಯಾಂಕೇ ಕೊಟ್ಟಿದ್ದಾ, ಮಧ್ಯದಲ್ಲಿ ಯಾರಾದ್ರೂ ಕೈಯಾಡಿಸಿದಾರಾ, ಅನುಮಾನ ಬಂದ್ರೆ ನಾನು ಬ್ಯಾಂಕನ್ನ ಕೇಳ್ಬಹುದಾ. ಈ ಮೂರಕ್ಕೂ ಕಾಗದದಲ್ಲೇ ಉತ್ತರ ಸಿಗ್ಬೇಕು, ನಾವು ಮಾಡೋ ಕೆಲಸ ಅದೊಂದೇ.

ಮೊದಲು ನಿಮ್ಮ ವೀಸಾದ ಚೆಕ್‌ಲಿಸ್ಟು ಸರ್ಕಾರಿ ಸೈಟಲ್ಲೇ ಓದಿ, ಏಜೆಂಟ್ ಕಳ್ಸಿದ ಪಟ್ಟಿ ನಂಬ್ಕೊಂಡು ಕೂರ್ಬೇಡಿ. ಕೆನಡಾ ಎಕ್ಸ್‌ಪ್ರೆಸ್ ಎಂಟ್ರಿಗೆ (ಕೆಲಸದ ಅನುಭವ ಇರೋರು ಅಲ್ಲಿ ಪಿಆರ್ ಕೇಳೋ ದಾರಿ) ಬರೀ ಸ್ಟೇಟ್‌ಮೆಂಟ್ ಕೊಟ್ರೆ ಸಾಲಲ್ಲ, ಬ್ಯಾಂಕಿನ ಲೆಟರ್‌ಹೆಡ್ ಮೇಲೆ ಲೆಟರೇ ಬೇಕು: ನಿಮ್ಮ ಹೆಸರು, ಬ್ಯಾಂಕಿನ ಅಡ್ರೆಸ್ಸು ಫೋನು ಇಮೇಲು, ಪ್ರತಿ ಅಕೌಂಟಿನ ನಂಬರು, ಅದು ಓಪನ್ ಆದ ತಾರೀಖು, ಈಗಿನ ಬ್ಯಾಲೆನ್ಸು, ಕಳೆದ 6 ತಿಂಗಳ ಸರಾಸರಿ ಬ್ಯಾಲೆನ್ಸು, ಜೊತೆಗೆ ಕ್ರೆಡಿಟ್ ಕಾರ್ಡು ಲೋನು ಏನು ಬಾಕಿ ಇದೆ ಅನ್ನೋದೂ. ಈ ಸರಾಸರಿ ಬ್ಯಾಲೆನ್ಸನ್ನೇ ಬ್ಯಾಂಕಿನವರು ಬಿಟ್ಬಿಡೋದು, ಅವರ ರೆಡಿಮೇಡ್ ಸರ್ಟಿಫಿಕೇಟಲ್ಲಿ ಆ ಕಾಲಮ್ಮೇ ಇರಲ್ಲ. ಯುಕೆ ಸ್ಟೂಡೆಂಟ್ ವೀಸಾಗಾದ್ರೆ ದುಡ್ಡು ಸತತ 28 ದಿನ ಅಕೌಂಟಲ್ಲಿ ಇರ್ಬೇಕು, ಒಂದೇ ಒಂದು ದಿನ ಕೆಳಗೆ ಇಳಿದ್ರೂ ಕತೆ ಮುಗೀತು, ಮತ್ತೆ ಆ 28ನೇ ದಿನ ಅರ್ಜಿ ಹಾಕೋ ದಿನಕ್ಕಿಂತ 31 ದಿನಕ್ಕೂ ಹಿಂದಿನದಾಗಿರಬಾರದು. ಷೆಂಗನ್‌ಗೆ (ಯುರೋಪಿನ ಹಲವು ದೇಶಗಳಿಗೆ ಒಂದೇ ವೀಸಾ) ಸಾಮಾನ್ಯವಾಗಿ ಕಳೆದ 3 ತಿಂಗಳದ್ದು ಕೇಳ್ತಾರೆ. ಇನ್ನು ಕೆಲವು ಕಡೆ ಆನ್‌ಲೈನ್ ಪ್ರಿಂಟಾದ್ರೆ ಪ್ರತಿ ಪೇಜಿಗೂ ಬ್ಯಾಂಕ್ ಸೀಲು ಇರ್ಬೇಕು, ಇಲ್ಲಾಂದ್ರೆ ಇದು ನಮ್ಮದೇ ಅಂತ ಬ್ಯಾಂಕು ಬರೆದ ಲೆಟರು ಇರ್ಬೇಕು ಅಂತಿರುತ್ತೆ. ಚೆಕ್‌ಲಿಸ್ಟಲ್ಲಿ ಸೀಲಿನ ಸುದ್ದೀನೇ ಇಲ್ಲ ಅಂದ್ರೂ ಬ್ರಾಂಚ್ ಹತ್ರ ಇದ್ರೆ ಹಾಕಿಸ್ಕೊಂಡು ಬಿಡಿ ಅಂತ ನಾನು ಹೇಳ್ತೀನಿ, ಹೋಗೋದು ಅರ್ಧ ದಿನ ತಾನೇ.

ಈಗ ಡೌನ್‌ಲೋಡ್ ವಿಷಯ, ಜಾಸ್ತಿ ಜನ ಎಡವೋದು ಇಲ್ಲೇ. ಆ್ಯಪಲ್ಲಿ ಕಾಣೋ ಟ್ರಾನ್ಸಾಕ್ಷನ್ ಲಿಸ್ಟಿನ ಸ್ಕ್ರೀನ್‌ಶಾಟು ಸ್ಟೇಟ್‌ಮೆಂಟ್ ಅಲ್ಲ. ಎಕ್ಸೆಲ್ ಫೈಲಂತೂ ಬೇಡ್ವೇ ಬೇಡ, ಅದನ್ನ ಯಾರು ಬೇಕಾದ್ರೂ ತಿದ್ದಬಹುದು ಅಂತ ಅವರಿಗೂ ಗೊತ್ತು. ಸ್ಟೇಟ್‌ಮೆಂಟ್ಸ್ ಅಂತ ಬೇರೆ ಸೆಕ್ಷನ್ ಇರುತ್ತೆ, ಅಲ್ಲಿ ಪಿಡಿಎಫ್ ತಗೊಳಿ, ಅದರಲ್ಲಿ ಬ್ಯಾಂಕಿನ ಹೆಸರು ಲೋಗೋ, ನಿಮ್ಮ ಪೂರ್ತಿ ಹೆಸರು, ಅಕೌಂಟ್ ನಂಬರು, ಯಾವತ್ತಿಂದ ಯಾವತ್ತಿನವರೆಗೆ ಅನ್ನೋದು, ಪ್ರತಿ ಎಂಟ್ರಿ ಪಕ್ಕ ಬ್ಯಾಲೆನ್ಸು ಇದೆಯಾ ನೋಡ್ಕೊಳಿ. ಪೇಜು 6ರಲ್ಲಿ 1 ಅಂತಿದ್ರೆ ಆರೂ ಹೋಗ್ಬೇಕು, ಕೊನೇ ಪೇಜಲ್ಲಿ ಬರೀ ಷರತ್ತುಗಳೇ ಇದ್ರೂ ಸರಿ.

ಇಮೇಲಲ್ಲಿ ಬರೋ ಪಿಡಿಎಫ್‌ಗೆ ಪಾಸ್‌ವರ್ಡ್ ಇರುತ್ತಲ್ಲ, ಅದನ್ನ ಹಾಗೇ ಅಪ್‌ಲೋಡ್ ಮಾಡಿದ್ರೆ ಆ ಕಡೆ ಓಪನ್ನೇ ಆಗಲ್ಲ. ಸರಿ ಅಂತ ಜನ ಪ್ರಿಂಟ್ ಟು ಪಿಡಿಎಫ್ ಕೊಟ್ಟು ಪಾಸ್‌ವರ್ಡ್ ತೆಗೀತಾರೆ, ಪಾಸ್‌ವರ್ಡ್ ಹೋಗುತ್ತೆ, ಜೊತೆಗೆ ಇದು ಬ್ಯಾಂಕೇ ಕೊಟ್ಟಿದ್ದು, ಯಾರೂ ತಿದ್ದಿಲ್ಲ ಅಂತ ತೋರಿಸೋ ಬ್ಯಾಂಕಿನ ಡಿಜಿಟಲ್ ಸೈನೂ ಹೋಗುತ್ತೆ. ನಾಲ್ಕೈದು ಪಿಡಿಎಫ್ ಸೇರಿಸಿ ಒಂದು ಮಾಡಿದ್ರೂ ಅದೇ ಕತೆ. ಅದಕ್ಕೆ ಮೊದಲು ನೆಟ್‌ಬ್ಯಾಂಕಿಂಗಲ್ಲಿ ಲಾಗಿನ್ ಆಗಿ ನೋಡಿ, ಎಷ್ಟೋ ಕಡೆ ಅಲ್ಲಿ ಪಾಸ್‌ವರ್ಡ್ ಇಲ್ಲದ ಕಾಪಿ ಸಿಗುತ್ತೆ. ಸಿಗ್ಲಿಲ್ವಾ, ಬ್ರಾಂಚಲ್ಲಿ ಪ್ರಿಂಟ್ ತಗೊಂಡು ಸೀಲು ಹಾಕಿಸಿ ಸ್ಕ್ಯಾನ್ ಮಾಡಿ. ಅಂದಹಾಗೆ ಡಿಜಿಟಲ್ ಸೈನ್ ಮೇಲೆ ಹಳದಿ ಪ್ರಶ್ನೆ ಚಿಹ್ನೆ ಬಂದ್ರೆ ಗಾಬರಿ ಬೇಡ, ಬಹಳ ಸಲ ಅದು ನಿಮ್ಮ ಪಿಡಿಎಫ್ ರೀಡರಿಗೆ ಆ ಸರ್ಟಿಫಿಕೇಟ್ ಕೊಟ್ಟವರ ಪರಿಚಯ ಇಲ್ಲ ಅಂತ ಅಷ್ಟೇ.

ಇನ್ನೊಂದು, ಕೆಳಗಡೆ "ಇದು ಕಂಪ್ಯೂಟರ್‌ನಲ್ಲಿ ತಯಾರಾದದ್ದು, ಸಹಿ ಬೇಕಿಲ್ಲ" ಅಂತ ಬರೆದಿರುತ್ತಲ್ಲ, ಅದು ಬ್ಯಾಂಕಿನ ಮಾತು. ವೀಸಾ ಆಫೀಸು ಅದನ್ನ ಒಪ್ಪಲೇಬೇಕು ಅಂತೇನಿಲ್ಲ.

ನೀವು ಮನೇಲಿ ಪ್ರಿಂಟ್ ತಗೊಂಡು ಹೋಗಿ ಸೀಲು ಹಾಕಿ ಅಂದ್ರೆ ಕೌಂಟರಲ್ಲಿ ಹಾಕಲ್ಲ ಅಂತಾರೆ, ಅವರದ್ದೂ ತಪ್ಪಲ್ಲ ಬಿಡಿ, ನೀವು ಏನು ತಿದ್ದಿದೀರೋ ಅವರಿಗೇನು ಗೊತ್ತು. ಅಲ್ಲಿ ಜಗಳ ಆಡ್ಬೇಡಿ, ನಿಮ್ಮ ಸಿಸ್ಟಮಿಂದ್ಲೇ ಪ್ರಿಂಟ್ ತೆಗೆದು ಅದಕ್ಕೆ ಸೀಲು ಸೈನು ಹಾಕ್ಕೊಡಿ ಅಂತ ಕೇಳಿ, ಫೀಸ್ ಇದ್ರೆ ಕೊಟ್ಬಿಡಿ. ಲೆಟರ್ ಬೇಕಂದ್ರೆ ಏನೇನು ಇರ್ಬೇಕು ಅಂತ ಚೆಕ್‌ಲಿಸ್ಟಿನ ಆ ಪೇಜನ್ನೇ ಪ್ರಿಂಟ್ ತಗೊಂಡೋಗಿ ತೋರ್ಸಿ, ಬಾಯಲ್ಲಿ ಹೇಳಿದ್ರೆ ಅರ್ಧ ಬಿಟ್ಟೋಗುತ್ತೆ. ಬ್ರಾಂಚೇ ಇಲ್ಲದ ಆನ್‌ಲೈನ್ ಬ್ಯಾಂಕಾದ್ರೆ ಆ್ಯಪ್ ಒಳಗಿನ ಮೆಸೇಜಲ್ಲಿ ಲೆಟರ್‌ಹೆಡ್ ಮೇಲೆ ಕನ್ಫರ್ಮೇಷನ್ ಲೆಟರ್ ಬೇಕು ಅಂತ ಬರೀರಿ, ಚಾಟಲ್ಲಿ ಮೊದಲು ಸಿಗೋರು ಅಂಥದ್ದು ಕೊಡಲ್ಲ ಅಂತ ಹೇಳಿದ್ರೂ ಅಷ್ಟಕ್ಕೇ ಬಿಡ್ಬೇಡಿ, ಮೇಲಿನವರಿಗೆ ಕಳ್ಸಿ ಅನ್ನಿ. ಇದಕ್ಕೆಲ್ಲ ದಿನಗಟ್ಟಲೆ ಹಿಡಿಯಬಹುದು, ಕೊನೇ ವಾರಕ್ಕೆ ಇಟ್ಕೋಬೇಡಿ.

ಕಾಗದ ಅಸಲೀನೇ ಆಗಿದ್ದು ಒಳಗಿನ ವಿಷಯಕ್ಕೆ ಸಿಕ್ಕಾಕೊಳೋದೂ ಉಂಟು. ಪಾಸ್‌ಪೋರ್ಟಲ್ಲಿ ಪೂರ್ತಿ ಹೆಸರು, ಬ್ಯಾಂಕಲ್ಲಿ ಇನಿಶಿಯಲ್ಲು ಅಂತಿದ್ರೆ ಮೊದಲು ಬ್ಯಾಂಕಲ್ಲಿ ಸರಿ ಮಾಡ್ಸಿ. ಅರ್ಜಿಗೆ ಒಂದು ವಾರ ಮುಂಚೆ ಒಂದೇ ಸಲ ದೊಡ್ಡ ಮೊತ್ತ ಬಂದು ಬಿದ್ದಿದ್ರೆ ಯಾರೋ ಸಾಲ ಕೊಟ್ಟು ತೋರ್ಸೋಕೆ ಹಾಕಿದಾರೆ ಅಂತ್ಲೇ ಅನ್ಕೊತಾರೆ, ಸೈಟ್ ಮಾರಿದ್ದೋ ಎಫ್‌ಡಿ ಮುರಿದಿದ್ದೋ ಅದರ ದಾಖಲೆ ಮತ್ತೆ ಎರಡು ಸಾಲಿನ ವಿವರಣೆ ಜೊತೆಗಿಡಿ. ದುಡ್ಡು ಬೇರೆ ಕರೆನ್ಸೀಲಿದ್ರೆ ಸ್ವಲ್ಪ ಜಾಸ್ತೀನೇ ಇಟ್ಕೊಳಿ, ರೇಟು ಬಿದ್ರೆ ನಿಮ್ಮ ಲೆಕ್ಕ ತಪ್ಪುತ್ತೆ.

ಸ್ಟೇಟ್‌ಮೆಂಟ್ ಮೇಲೆ ಹೈಲೈಟರ್ ಎಳೆಯೋದು, ಪರ್ಸನಲ್ ಖರ್ಚು ಅಂತ ಒಂದೆರಡು ಸಾಲು ಮುಚ್ಚೋದು, ಹೆಸರಿನ ಸ್ಪೆಲಿಂಗ್ ಎಡಿಟರಲ್ಲಿ ಸರಿ ಮಾಡೋದು ಯಾವ್ದೂ ಬೇಡ. ಒಳ್ಳೇ ಮನಸ್ಸಿಂದ ಮಾಡಿದ್ರೂ ಆ ಕಡೆಯವರಿಗೆ ಕಾಣೋದು ತಿದ್ದಿದ ಕಾಗದ, ಸುಳ್ಳು ದಾಖಲೆ ಅಂತ ತೀರ್ಮಾನ ಆದ್ರೆ ಕೆನಡಾದಲ್ಲಿ 5 ವರ್ಷ ಬಾಗಿಲು ಬಂದ್, ಯುಕೆಯಲ್ಲಿ 10 ವರ್ಷದವರೆಗೂ ಹೋಗುತ್ತೆ.

ಸ್ಟೇಟ್‌ಮೆಂಟ್ ಇಂಗ್ಲಿಷಲ್ಲಿ ಇಲ್ಲ ಅಂದ್ರೆ ಅನುವಾದ ಮಾಡ್ಸಿ, ಅನುವಾದ ಮಾಡಿದವರ ಹೆಸರು, ಸಹಿ, ತಾರೀಖು, ಇದು ಸರಿಯಾಗಿದೆ ಅನ್ನೋ ಸಾಲು ಅದರಲ್ಲಿರ್ಲಿ, ಮೂಲ ಪ್ರತೀನೂ ಜೊತೆಗೇ ಹೋಗ್ಲಿ. ಅಪ್‌ಲೋಡ್ ಮಾಡುವಾಗ ಸೈಜ್ ನೋಡ್ಕೊಳಿ, ಕೆನಡಾಗೆ ಅರ್ಜಿ ಹಾಕೋ ಆನ್‌ಲೈನ್ ಅಕೌಂಟಲ್ಲಿ ಒಂದು ಫೈಲಿಗೆ 4 ಎಂಬಿ ಅಷ್ಟೇ, ಅದಕ್ಕೆ ಅಂತ ಸೀಲು ಓದೋಕೇ ಆಗದಷ್ಟು ಕುಗ್ಗಿಸ್ಬೇಡಿ, ಬ್ಲ್ಯಾಕ್ ಆಂಡ್ ವೈಟ್‌ಗಿಂತ ಕಲರ್ ಸ್ಕ್ಯಾನ್ ಮಾಡಿ ರೆಸಲ್ಯೂಷನ್ ಸ್ವಲ್ಪ ಇಳಿಸೋದು ವಾಸಿ. ರಿಸಲ್ಟ್ ಬರೋವರೆಗೆ ಬ್ಯಾಂಕ್ ಕಳ್ಸಿದ ಮೂಲ ಇಮೇಲು, ಲಾಕ್ ಇರೋ ಪಿಡಿಎಫ್ಫು, ಸೀಲು ಹಾಕಿದ ಪೇಪರು ಒಂದನ್ನೂ ಬಿಸಾಕ್ಬೇಡಿ, ಆ ಬ್ಯಾಂಕ್ ಅಕೌಂಟ್ ಕ್ಲೋಸ್ ಮಾಡ್ಲೂಬೇಡಿ.